ಎಡಗೈಗೆ ಗೊತ್ತಾದದ್ದು

ನಾನು ಪಕ್ಕದಲ್ಲಿ ಕೂರುವವನು.
ನಲವತ್ತು ವರ್ಷ ನುಡಿಸಿದ್ದು ಬರೀ ಪೋಂಪ್,
ಝಕ್ಕೆಂದು ಕೆಳಗೆ, ಸರ್ರೆಂದು ಮೇಲೆ,
ಗೋಡೆಗೆ ಮೊಳೆ ಹೊಡೆದ ಹಾಗೆ ಒಂದೇ ಸಮ.
ಹಾಡು ಯಾರದಾದರೇನು,
ಮುಂದೆ ಓಡುವವನ ಕಾಲ ಕೆಳಗೆ
ನೆಲ ಹಾಸುತ್ತ ಹೋಗುವುದು ನನ್ನ ಕೆಲಸ.

ಎರ್‌ಸ್ಟೈನ್ ಸಕ್ಕರೆ ಕಾರ್ಖಾನೆಯ ಹಿಂದೆ ನಮ್ಮ ಗಾಡಿಮನೆಗಳು.
ಅಕ್ಟೋಬರ್ ಬಂತೆಂದರೆ ಬೀಟ್‌ಗೆಡ್ಡೆ ಬೇಯುವ ವಾಸನೆ
ಹಾಸಿಗೆಯೊಳಗೂ, ಗಿಟಾರಿನ ಹೊಟ್ಟೆಯೊಳಗೂ.
ನಾವು ಮಾನೂಶರು. ನಮ್ಮ ಮಾತಿನಲ್ಲಿ ಹಾಗೆಂದರೆ
ಮನುಷ್ಯರು ಅಂತ, ಅಷ್ಟೇ.

ನಮ್ಮ ಮನೆತನದಲ್ಲೊಂದು ಪದ್ಧತಿ:
ಸತ್ತವನ ಹೆಸರು ಎತ್ತಬಾರದು.
ಅವನ ಗಾಡಿ ಸುಡಬೇಕು.
ಅವನಿಗೆ ಇಷ್ಟವಿದ್ದ ಮೊಲದ ಸಾರು
ವರ್ಷಗಟ್ಟಲೆ ಒಲೆ ಏರಬಾರದು.
ಅವನು ನುಡಿಸುತ್ತಿದ್ದ ಹಾಡು
ಯಾರ ಬೆರಳಿಗೂ ಬರಬಾರದು.

ಹಾಗಾಗಿ ಸಾವಿಗೊಂದು ಹಾಡು ಕಡಿಮೆ ನಮ್ಮಲ್ಲಿ.
ಅತ್ತೆ ಹೋದಾಗ ಒಂದು ಬೊಲೆರೊ ಹೋಯಿತು.
ಕುದುರೆ ಮಾರುತ್ತಿದ್ದ ಆ ಇನ್ನೊಬ್ಬ
ಎರಡನ್ನು ಒಟ್ಟಿಗೇ ಒಯ್ದ, ದುರಾಸೆಯವನು.

ಬೇಸಿಗೆಯಲ್ಲಿ ನದಿದಂಡೆಯ ಉತ್ಸವಕ್ಕೆ
ಪ್ಯಾರಿಸ್ಸಿನ ಹುಡುಗರು ಬರುತ್ತಾರೆ, ಜಪಾನಿನಿಂದಲೂ.
ಅವವೇ ನಲವತ್ತು ಹಾಡು, ಸ್ಪರ್ಧೆಗೆ ಬಿದ್ದು,
ವರ್ಷವರ್ಷಕ್ಕೆ ಇನ್ನಷ್ಟು ಜೋರು, ಇನ್ನಷ್ಟು ಸ್ವಚ್ಛ.
ಅವರ ಪಟ್ಟಿಯಲ್ಲಿ ಒಂದೂ ಕಳೆಯುವುದಿಲ್ಲ.
ಅವರಲ್ಲಿ ಯಾರೂ ಸಾಯುವುದಿಲ್ಲವೇನೋ.

ಮೂರು ಚಳಿಗಾಲದ ಹಿಂದೆ, ನನ್ನ ಅಣ್ಣ.
ಗಾಡಿ ಉರಿದಾಗ ಕಿಟಕಿಯ ಪ್ಲಾಸ್ಟಿಕ್
ಜೇನಿನ ಹಾಗೆ ಇಳಿಯಿತು.
ಪೊಲೀಸರು ಬಂದು ಹೊಗೆಯ ಕಾನೂನು ಓದಿ
ದಂಡ ಹಾಕಿದರು, ಕಟ್ಟಿದೆವು.
ಅವನದೊಂದು ವಾಲ್ಟ್ಜ್ ಇತ್ತು.
ಕೇಳಿಕೊಂಡು ಬಂದವರಿಗೆ ಹೇಳಿದೆವು:
ಅದು ನಮಗೆ ಗೊತ್ತಿಲ್ಲ.

ಅವನ ಮಗಳು ಯೋರ್ಕ. ಹತ್ತೊಂಬತ್ತು.
ಸೂಪರ್‌ಮಾರ್ಕೆಟ್ಟಿನಲ್ಲಿ ಬೆಳಗಿನ ಪಾಳಿ.
ಮೊನ್ನೆ ಭಾನುವಾರ ಮೇಲಂಗಿಯನ್ನೂ ಬಿಚ್ಚದೆ ಬಂದು
‘ಒಂದು ಹೊಸದು ಕಟ್ಟಿದ್ದೇನೆ’ ಅಂದಳು.
ಶ್ಪಾಟ್ಸ್ ಮಾವ ನಕ್ಕ:
‘ಹಳೆಯದೇ ಅರ್ಧ ಬರುವುದಿಲ್ಲ, ಹೊಸದಂತೆ.’
ಅವಳು ಉತ್ತರ ಕೊಡಲಿಲ್ಲ, ಎಣಿಸಿದಳು:
ಯೆಕ್, ದುಯ್, ತ್ರಿನ್, ಶ್ತಾರ್.

ಬಿಲ್ಲಿನ ಯಂತ್ರ ಕೀಂ ಎನ್ನುತ್ತದಲ್ಲ, ಆ ಸ್ವರದಿಂದಲೇ ಶುರು.
ಆಮೇಲೆ ಅವಳ ಜೊತೆ ಪೆಟ್ಟಿಗೆ ಬಿಚ್ಚುವ
ಅಲ್ಜೀರಿಯಾದ ಹೆಂಗಸು ಗುನುಗುವುದೇನೋ ಒಂದು,
ಆಮೇಲೆ ಎಲ್ಲಿಂದಲೋ ಒಂದು ದೀರ್ಘ ಜಾರು.
ನಾನು ಸುಮ್ಮನೆ ಪೋಂಪ್ ಹಿಡಿದೆ.

ಐದನೆಯ ಸುತ್ತಿಗೆ, ಅವಳು ಕಣ್ಣಲ್ಲಿ ತೋರಿಸುವ ಮೊದಲೇ
ನನ್ನ ಎಡಗೈ ಅಲ್ಲಿಗೆ ಹೋಗಿ ಕೂತಿತ್ತು.
ಹೆಬ್ಬೆರಳು ದಪ್ಪ ತಂತಿಯ ಮೇಲೆ ಬಾಗಿತ್ತು,
ಕಿರುಬೆರಳು ತಾನೇ ಚಾಚಿಕೊಂಡಿತ್ತು.
ಇಪ್ಪತ್ತು ವರ್ಷ ಅವನ ಹಿಂದೆ ನಡೆದ ದಾರಿ ಅದು:
ಅದೇ ತಿರುವು, ಅದೇ ಹಳ್ಳ,
ಕೊನೆಗೆ ಏರುವ ಅದೇ ಅರ್ಧ ಮೆಟ್ಟಿಲು.
ಮೂರರ ನಡೆ ನಾಲ್ಕಾಗಿತ್ತು.
ಮೇಲೆ ನಡೆಯುವವರು ಬೇರೆ, ಮೆಟ್ಟು ಬೇರೆ.

ರಾಗ ಕೇಳುತ್ತಿದ್ದ ಮಾವನಿಗೆ ತಿಳಿಯಲಿಲ್ಲ.
‘ಇದು ನಮ್ಮದಲ್ಲ, ಅಂಗಡಿಯ ವಾಸನೆ’ ಅಂದ.
ಸಿಗರೇಟು ಹಚ್ಚಿ, ಕಡ್ಡಿ ಆರಿಸಿ,
‘ಆ ಎರಡನೆಯ ಭಾಗ ಇನ್ನೊಂದು ಸಲ’ ಅಂದ.

ಅವಳು ನನ್ನನ್ನೇ ನೋಡಿದಳು, ಕದ್ದು ಸಿಕ್ಕವಳ ಹಾಗೆ.
ಪದ್ಧತಿ ಮುರಿದಳೇ?
ಹೆಸರು ಎತ್ತಿಲ್ಲ. ರಾಗ ಮುಟ್ಟಿಲ್ಲ.
ನೆಲಕ್ಕೂ ಸೂತಕವುಂಟೆಂದು ನಮಗೆ ಯಾರೂ ಹೇಳಿಲ್ಲ.
ನಾನು ಸತ್ತರೆ ಯಾವ ಹಾಡು ನಿಲ್ಲಿಸುತ್ತಾರೋ,
ಎಲ್ಲದರಲ್ಲೂ ಇದ್ದೇನೆ, ಯಾವುದೂ ನನ್ನದಲ್ಲ.

ಮಾವ ಕೇಳಿದ: ‘ಇದಕ್ಕೆ ಹೆಸರೇನು?
ಉತ್ಸವದವರು ಪಟ್ಟಿ ಕೇಳುತ್ತಾರೆ.’
‘ಇನ್ನೂ ಇಟ್ಟಿಲ್ಲ.’

ಇಡಬೇಡ, ಅಂದೆ ನಾನು,
ತಂತಿಯನ್ನು ನೋಡುತ್ತ.